ಐದಕ್ಕೆ ಐದು, ಏಳಕ್ಕೆ ಏಳು, ಆರಕ್ಕೆ ಮಾತ್ರ ಮೂರೇ ಆವರ್ತ ಯಾಕೆ? (ಲ.ಸಾ.ಅ. ಗೊತ್ತಿರೋರು ಹೇಳಿ)

ಹೊಲಿಗೆಮನೆ:
ನಾನು ಮೈಸೂರಲ್ಲಿ ಬ್ಲೌಸ್ ಹೊಲಿಯೋಳು. ಮಗಳು ಆರನೇ ಕ್ಲಾಸು, ಎರಡು ವರ್ಷದಿಂದ ಮೃದಂಗ ಕಲೀತಿದ್ದಾಳೆ. ಪಾಠ ಮುಗಿಯೋವರೆಗೆ ಮೇಷ್ಟ್ರ ಮನೆ ಜಗಲಿ ಮೇಲೆ ಕೂತು ಹುಕ್ಸ್ ಹಾಕ್ತಿರ್ತೀನಿ, ಹಾಗಾಗಿ ಅರ್ಧ ಪಾಠ ನನ್ನ ಕಿವಿಗೂ ಬಿದ್ದಿದೆ.

ಹೋದ ವಾರ ಮೇಷ್ಟ್ರು ಒಂದು ಕೆಲಸ ಕೊಟ್ಟರು. ಆದಿತಾಳ (ಎಂಟು ಏಟಿನ ತಾಳ; ಅದರ ಒಂದು ಸುತ್ತೇ ಆವರ್ತ) ಹಾಕ್ಕೊಂಡು, ಏಟಿಗೆ ನಾಲ್ಕಕ್ಷರದ ಹಾಗೆ, ಅಂದ್ರೆ ಆವರ್ತಕ್ಕೆ 32, 'ತದಿಗಿಣತೊಂ' ಬಿಡದೆ ಹೇಳ್ತಾ ಹೋಗಬೇಕು. ಮೊದಲಿನ 'ತ' ಮತ್ತೆ ಸಮಕ್ಕೆ, ಅಂದ್ರೆ ಆವರ್ತದ ಮೊದಲ ಏಟಿಗೆ, ಬಿದ್ದಾಗ ನಿಲ್ಲಿಸಬೇಕು. ಐದಕ್ಷರ, ಐದು ಆವರ್ತ ಹಿಡೀತು. 'ತಕಿಟತಕದಿಮಿ' ಏಳಕ್ಷರ, ಏಳು ಆವರ್ತ. "ಹಾಗಾದ್ರೆ ಆರಕ್ಕೆ ಆರು" ಅಂದಳು ನಮ್ಮವಳು. 'ತಕತಕದಿಮಿ' ಶುರು ಮಾಡಿ ಒಂದೇ ಆವರ್ತಕ್ಕೆ "ಬಂತು!" ಅಂತ ಕೂಗಿದಳು. ಬಿದ್ದಿದ್ದು 'ತ'ನೇ, ಆದ್ರೆ ಎರಡನೇ 'ತ'. ಮೇಷ್ಟ್ರು ನಕ್ಕು, ಹೇಳು ಹೇಳು ಅಂದರು. ಮೂರು ಆವರ್ತ ಮುಗಿದಾಗ ನಿಜವಾಗಿ ಬಂತು. "ಆರು ಆವರ್ತಕ್ಕೂ ಬರುತ್ತಲ್ಲ ಸಾರ್" ಅಂತ ವಾದ ಬೇರೆ!

ಮನೆಗೆ ಬಂದು ನಾನೇ ಪ್ರೆಸ್ ಬಟನ್ ಡಬ್ಬಿ ಸುರುವಿ ಚಾಪೆ ಮೇಲೆ ಸಾಲಿಗೆ 32ರಂತೆ ಜೋಡಿಸಿದೆ. ಪ್ರತಿ ಆರನೇ ಜಾಗದಲ್ಲಿ ಬಟನ್ ತೆಗೆದು ಕೆಂಪು ಮಣಿ. ಮೂರನೇ ಸಾಲಿನ ಕೊಟ್ಟಕೊನೇಲಿ ಮಣಿ ಬಂತು. ಸರಿ, 96. ಆದ್ರೆ ಐದಕ್ಕೂ ಏಳಕ್ಕೂ ಇಲ್ಲದ ರಿಯಾಯಿತಿ ಆರಕ್ಕೆ ಯಾಕೆ? ಶಾಲೇಲೂ ಈಗ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ: ಎರಡೂ ಸಂಖ್ಯೆಗಳಿಂದ ಭಾಗವಾಗೋ ಅತಿ ಚಿಕ್ಕ ಸಂಖ್ಯೆ), ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ: ಎರಡನ್ನೂ ಭಾಗಿಸೋ ಅತಿ ದೊಡ್ಡ ಸಂಖ್ಯೆ) ನಡೀತಿದೆ. ಇದೂ ಅದೂ ಒಂದೇನಾ?

ಶಾರ್ಟ್‌ಕಟ್ ಶೆಟ್ಟಿ:
ಇಷ್ಟೆಲ್ಲ ಯಾಕೆ ಮೇಡಂ, ಎರಡನ್ನೂ ಗುಣಿಸಿಬಿಡಿ. 32 × 6 = 192. ಆರು ಆವರ್ತ. ಮಗಳು ಹೇಳಿದ್ದೇ ಸರಿ.

ರಿಟೈರ್ಡ್ ಗಣಿತ ಮೇಷ್ಟ್ರು:
ಶೆಟ್ಟರೇ, 192ರಲ್ಲಿ ಬರೋದು ನಿಜ, ಆದರೆ ಅದು ಎರಡನೇ ಸಲ ಬರೋದು. ಕೇಳಿರೋದು ಮೊದಲ ಸಲ.

ತಾಯಿ, ಒಂದೇ ಲೆಕ್ಕ. 32 ಅಂದರೆ ಐದು ಎರಡುಗಳ ಗುಣಲಬ್ಧ. 6 ಅಂದರೆ 2 × 3. ಆರರೊಳಗಿನ ಆ 2 ಆಗಲೇ 32ರಲ್ಲಿ ಕೂತಿದೆ, ಮತ್ತೆ ತರಬೇಕಾಗಿಲ್ಲ; 3 ಮಾತ್ರ ಹೊರಗಿನಿಂದ ಬರಬೇಕು. ಅದಕ್ಕೇ 32 × 3 = 96, ಮೂರು ಆವರ್ತ. 5 ಮತ್ತು 7ಕ್ಕೆ 32ರೊಳಗೆ ನೆಂಟರೇ ಇಲ್ಲ, ಪೂರ್ತಿ ಹೊರಗಿನಿಂದಲೇ ಬರಬೇಕು. ಹಂಚಿಕೊಂಡ ಆ 2 ಇದೆಯಲ್ಲ, ಅದೇ ಮ.ಸಾ.ಅ. ನುಡಿಯ ಅಕ್ಷರವನ್ನು ಮ.ಸಾ.ಅ.ದಿಂದ ಭಾಗಿಸಿದರೆ ಆವರ್ತ ಸಿಗುತ್ತೆ: 6 ÷ 2 = 3.

ಮಕ್ಕಳು ಎಡವೋದು ಹೆಸರಲ್ಲಿ. 'ಮಹತ್ತಮ' ಅಂತ ಹೆಸರು, ಉತ್ತರ ನೋಡಿದರೆ ಪುಟಾಣಿ 2. 'ಲಘುತ್ತಮ' ಅಂತ ಹೆಸರು, ಉತ್ತರ 96! ಸಾಲದ್ದಕ್ಕೆ ಒಂದು ಅಪವರ್ತನ, ಇನ್ನೊಂದು ಅಪವರ್ತ್ಯ. ಮೂವತ್ತು ವರ್ಷ ಪಾಠ ಮಾಡಿ ಈ ಗೋಳು ಸಾಕಾಗಿತ್ತು. ನಮ್ಮ ಮಹಾವೀರಾಚಾರ್ಯ, ಅಮೋಘವರ್ಷ ನೃಪತುಂಗನ ಕಾಲದವನು, 9ನೇ ಶತಮಾನದಲ್ಲೇ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿ ಕೂಡೋಕೆ ಲ.ಸಾ.ಅ. ಬಳಸಿದ್ದ. ಅವನು ಕರೆದಿದ್ದು 'ನಿರುದ್ಧ' ಅಂತ. ಗೊಂದಲವಿಲ್ಲದ ಒಂದೇ ಪದ, ನಾವು ಬಿಟ್ಟುಬಿಟ್ಟೆವು.

ದೊಡ್ಡ ಸಂಖ್ಯೆ ಬಂದಾಗ ಬಿಡಿಸೋದು ಕಷ್ಟವಾದರೆ ಭಾಗಿಸುತ್ತಾ ಹೋಗಿ. 32ನ್ನು 6ರಿಂದ ಭಾಗಿಸಿ, ಶೇಷ 2. ಈಗ 6ನ್ನು ಆ 2ರಿಂದ ಭಾಗಿಸಿ, ಶೇಷ ಸೊನ್ನೆ. ಕೊನೆಯ ಭಾಜಕವೇ ಮ.ಸಾ.ಅ. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್‌ನ ದಾರಿ ಇದು.

ಘಟಂ ಗಿರಾಕಿ:
ಮೇಷ್ಟ್ರ ಲೆಕ್ಕ ಸರಿ, ಆದ್ರೆ ಇದು ಬಾಯಲ್ಲೂ ಕೇಳಿಸುತ್ತೆ. ಅಕ್ಕ, ಪ್ರತಿ ಸಮಕ್ಕೆ ಯಾವ ಅಕ್ಷರ ಬೀಳುತ್ತೆ ಅಂತ ಬರ್ಕೊಳ್ಳಿ. ತದಿಗಿಣತೊಂಗೆ: ತ, ಗಿ, ತೊಂ, ದಿ, ಣ, ಆಮೇಲೆ ಮತ್ತೆ ತ. ಐದಕ್ಕೂ ಒಂದೊಂದು ಸರದಿ. ತಕತಕದಿಮಿಗೆ: ಮೊದಲನೇ ತ, ಎರಡನೇ ತ, ದಿ, ಮತ್ತೆ ಮೊದಲನೇ ತ. ಎರಡು 'ಕ', ಒಂದು 'ಮಿ' ಎಷ್ಟು ಹೊತ್ತು ಹೇಳಿದ್ರೂ ಸಮದ ಮುಖ ನೋಡಲ್ಲ. ಪ್ರತಿ ಆವರ್ತಕ್ಕೆ ಎರಡೆರಡು ಅಕ್ಷರ ಜರುಗುತ್ತೆ, ಒಟ್ಟು ಇರೋದು ಆರು, ಹಾಗಾಗಿ ಒಂದು ಬಿಟ್ಟು ಒಂದರ ಮೇಲೇ ಕಾಲಿಡೋದು. ನಿಮ್ಮ ಮಗಳು ಮೋಸ ಹೋಗಿದ್ದೂ ಅಲ್ಲೇ.

ಇನ್ನೊಂದು: ಈ 32 ಚತುರಶ್ರ ನಡೆಗೆ (ಏಟಿಗೆ ನಾಲ್ಕಕ್ಷರ) ಮಾತ್ರ. ಅದೇ ಆದಿತಾಳ ತಿಸ್ರ ನಡೆಯಲ್ಲಿ ಏಟಿಗೆ ಮೂರು, ಆವರ್ತಕ್ಕೆ 24. ಅಲ್ಲಿ ಆರಕ್ಷರದ್ದು ಒಂದೇ ಆವರ್ತಕ್ಕೆ ಬಂದು ಕೂರುತ್ತೆ. ಮಗಳಿಗೆ ಇದನ್ನ ಕೊಡಿ: ಚತುರಶ್ರ ನಡೆಯಲ್ಲೇ ರೂಪಕ ತಾಳ, ಆರು ಏಟು, 24 ಅಕ್ಷರ. ಒಂಬತ್ತಕ್ಷರದ ನುಡಿ ಎಷ್ಟು ಆವರ್ತಕ್ಕೆ? ತಾಳ ಹಾಕದೆ ಹೇಳಬೇಕು.

ಹೊಲಿಗೆಮನೆ:
ಎಲ್ಲರಿಗೂ ಥ್ಯಾಂಕ್ಸ್. ಗಿರಾಕಿ ಅವರೇ, ನಿಮ್ಮ ಪ್ರಶ್ನೆ ಊಟಕ್ಕೆ ಕೂತಾಗ ಕೇಳಿದೆ. ಅನ್ನ ಕಲಸ್ತಾ "24, 9... ಮ.ಸಾ.ಅ. 3, ಮೂರು ಆವರ್ತ" ಅಂದಳು. "ಅದೇ ಆದಿತಾಳದಲ್ಲಾದ್ರೆ?" ಅಂದೆ. "ಒಂಬತ್ತಕ್ಕೆ ಅಲ್ಲಿ ನೆಂಟರಿಲ್ಲ ಅಮ್ಮ, ಒಂಬತ್ತೂ ಹಾಕ್ಬೇಕು." ಮೇಷ್ಟ್ರೇ, ನಿಮ್ಮ 'ನೆಂಟರು' ನಮ್ಮ ಮನೇಲಿ ಉಳ್ಕೊಂಡ್ರು.

ನನಗೆ ನಂಬಿಕೆ ಸಾಲದೆ ಮತ್ತೆ ಚಾಪೆ ಹಾಸಿ, 24ರ ಸಾಲು ಮೂರು ಜೋಡಿಸಿ ನೋಡಿದೆ. 72ನೇ ಜಾಗಕ್ಕೆ ಎಂಟನೇ ಮಣಿ ಸರಿಯಾಗಿ ಕೂತಿತು. ಡಬ್ಬಿಗೆ ವಾಪಸ್ ತುಂಬಿದಾಗ ಎರಡು ಬಟನ್ ಕಮ್ಮಿ. ಅಲಮೇರಾ ಅಡಿ ಹೋಗಿರಬೇಕು, ಬೆಳಿಗ್ಗೆ ಕಸ ಗುಡಿಸುವಾಗ ನೋಡ್ತೀನಿ.