ಹಳೆಯ ರವಿವರ್ಮ ಪಟ: ಕೊಳ್ಳುವ ಮುನ್ನ ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?

ಜಗುಲಿಕಟ್ಟೆ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿಯ ನಡುಮನೆಯಲ್ಲಿ ತಾವರೆಯ ಮೇಲೆ ನಿಂತ ಲಕ್ಷ್ಮಿಯ ದೊಡ್ಡ ಪಟವೊಂದಿತ್ತು. ಮನೆ ಪಾಲಾದಾಗ ಅದು ಯಾರ ಕೈ ಸೇರಿತೋ ತಿಳಿಯಲಿಲ್ಲ. ಕಳೆದ ವಾರ ಬೆಂಗಳೂರಿನಲ್ಲಿ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಅದೇ ಚಿತ್ರ, ಸಾಗುವಾನಿ ಕಟ್ಟಿನ ಸಮೇತ, ಕಣ್ಣಿಗೆ ಬಿತ್ತು. ಅಂಗಡಿಯವರು ಇದು ‘ಒರಿಜಿನಲ್ ರವಿವರ್ಮ’, ಚೆಟ್ಟಿನಾಡಿನ ಹಳೆಯ ಮನೆಯಿಂದ ಬಂದದ್ದು ಎಂದು ಹೇಳಿ 45,000 ರೂಪಾಯಿ ಕೇಳುತ್ತಿದ್ದಾರೆ. ತಮ್ಮದೇ ಮೊಹರಿನ ಪ್ರಮಾಣಪತ್ರವನ್ನೂ ಕೊಡುತ್ತಾರಂತೆ. ಕಲೆಯ ಬಗ್ಗೆ ನನಗೆ ಏನೂ ತಿಳಿಯದು. ನನ್ನಂಥವರು ಇದನ್ನು ಪರೀಕ್ಷಿಸಲು ದಾರಿಯುಂಟೇ?

ಕಲ್ಲಚ್ಚು:
ಮೊದಲು ಆ ‘ಒರಿಜಿನಲ್’ ಎಂಬ ಮಾತನ್ನು ಬಿಡಿಸಿಕೊಳ್ಳೋಣ, ಏಕೆಂದರೆ ಮೋಸ ಅಡಗಿರುವುದೇ ಅಲ್ಲಿ. ರವಿವರ್ಮರು ಕೈಯಾರೆ ಬರೆದ ತೈಲಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಂಥ ಕಡೆಗಳಲ್ಲಿವೆ, ಇಲ್ಲವೇ ಕೋಟಿಗಟ್ಟಲೆ ಬೆಲೆಗೆ ಹರಾಜಾಗುತ್ತವೆ. 2023ರಲ್ಲಿ ಅವರ ಯಶೋದೆ-ಕೃಷ್ಣರ ಚಿತ್ರವೊಂದು 38 ಕೋಟಿ ರೂಪಾಯಿಗೆ ಹೋಯಿತು. ನಿಮ್ಮ ಅಜ್ಜಿಯ ಮನೆಯಲ್ಲಿದ್ದದ್ದು ಬಹುಮಟ್ಟಿಗೆ ಓಲಿಯೋಗ್ರಾಫ್, ಅಂದರೆ ತೈಲಚಿತ್ರದಂತೆ ಕಾಣಲೆಂದು ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲನ್ನು ಬಳಸಿ ಅಚ್ಚು ಹಾಕಿ, ಮೇಲೆ ವಾರ್ನಿಶ್ ಬಳಿದ ಕಾಗದ. ಅಂಗಡಿಯಲ್ಲಿರುವುದು ಅದೂ ಅಲ್ಲದೆ, ಆ ಕಲ್ಲಚ್ಚಿನ ಫೋಟೋ ತೆಗೆದು ಇತ್ತೀಚೆಗೆ ಮುದ್ರಿಸಿದ ಪ್ರತಿಯೂ ಆಗಿರಬಹುದು. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಅವರ ಚಿತ್ರಗಳ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಹಾಗಾಗಿ ಹೊಸ ಪ್ರತಿ ಮುದ್ರಿಸುವುದು ತಪ್ಪಲ್ಲ. ಹೊಸದನ್ನು ಹಳೆಯದೆಂದು ಮಾರುವುದು ಮಾತ್ರ ವಂಚನೆ.

ಚಿತ್ರದ ಕೆಳ ಅಂಚಿನಲ್ಲಿ ‘ರವಿವರ್ಮ ಪ್ರೆಸ್’ ಎಂದಿದೆ ಎಂಬುದನ್ನೇ ಸಾಕ್ಷಿಯಾಗಿ ಹಿಡಿಯಬೇಡಿ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಆ ಮುದ್ರಣಾಲಯ ಕೆಲವೇ ವರ್ಷಗಳಲ್ಲಿ ಲೋಣಾವಳದ ಬಳಿಯ ಮಳವಲಿಗೆ ಹೋಯಿತು, 20ನೆಯ ಶತಮಾನದ ಆರಂಭದಲ್ಲೇ ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನ ಕೈಗೆ ಬಂತು, ಆಮೇಲೂ ದಶಕಗಳ ಕಾಲ ಅಚ್ಚು ಹಾಕುತ್ತಲೇ ಇತ್ತು. ಫೋಟೋ ತೆಗೆದು ಮುದ್ರಿಸುವಾಗ ಆ ಸಾಲೂ ಚಿತ್ರದೊಡನೆ ನಕಲಾಗುತ್ತದೆ. ಕಟ್ಟು ಹಾಕುವಾಗ ಅಂಚನ್ನು ಕತ್ತರಿಸಿದ ಎಷ್ಟೋ ಅಸಲಿ ಪಟಗಳಲ್ಲಿ ಅದು ಇರುವುದೂ ಇಲ್ಲ.

ನಂಬಬೇಕಾದದ್ದು ಚುಕ್ಕೆಗಳನ್ನು. ಚಿನಿವಾರರು ಬಳಸುವ ಹತ್ತು ಪಟ್ಟಿನ ಭೂತಗನ್ನಡಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಲಕ್ಷ್ಮಿಯ ಕೆನ್ನೆ, ತೋಳು, ನೀರಿನ ಭಾಗಗಳನ್ನು ನೋಡಿ. ಕಾಗದ ಗಾಜಿಗೆ ಒತ್ತಿಕೊಂಡಿದ್ದರೆ ಗಾಜಿನ ಮೇಲಿಂದಲೇ ಕಾಣುತ್ತದೆ. ಕಲ್ಲಿನ ಮೇಲೆ ಕುಸುರಿ ಕೆಲಸದವರು ಕೈಯಿಂದ ಇಟ್ಟ ಚುಕ್ಕೆಗಳು ಒಂದು ದೊಡ್ಡದು, ಒಂದು ಚಿಕ್ಕದು, ಇಲ್ಲಿ ದಟ್ಟ, ಅಲ್ಲಿ ವಿರಳ ಎಂಬಂತೆ ಚೆಲ್ಲಿಕೊಂಡಿರುತ್ತವೆ; ಮೈಬಣ್ಣಕ್ಕೆ ಬೇಕಾದ ನಸುಗೆಂಪು, ಕಂದು ಶಾಯಿಗಳು ತಮ್ಮ ಬಣ್ಣದಲ್ಲೇ ಕೂತಿರುತ್ತವೆ. ಆಫ್‌ಸೆಟ್ ಪ್ರತಿಯಲ್ಲಾದರೋ ನೀಲಿ, ಕೆನ್ನೇರಳೆಗೆಂಪು, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿಗಳ ಚುಕ್ಕೆಗಳು ರಂಗೋಲಿಗೆ ಇಟ್ಟಂತೆ ಸಾಲುಸಾಲಾಗಿ, ಪುಟ್ಟ ಹೂವಿನ ಆಕಾರದಲ್ಲಿ ನಿಂತಿರುತ್ತವೆ. ಇಂಕ್‌ಜೆಟ್ ಪ್ರತಿ ಸ್ವಲ್ಪ ಮೋಸಗಾರ: ಅದರ ಚುಕ್ಕೆಗಳಿಗೂ ಸಾಲಿಲ್ಲ; ಆದರೆ ಅವು ತುಂತುರು ಎರಚಿದಂತೆ ಒಂದೇ ಗಾತ್ರದಲ್ಲಿ ಅತಿ ಸಣ್ಣದಾಗಿರುತ್ತವೆ. ಒಮ್ಮೆ ಮನೆಯಲ್ಲಿರುವ ಕ್ಯಾಲೆಂಡರಿನ ಮೇಲೆ ಭೂತಗನ್ನಡಿ ಇಟ್ಟು ಅಭ್ಯಾಸ ಮಾಡಿಕೊಂಡರೆ ಅಂಗಡಿಯಲ್ಲಿ ತಡವರಿಸಬೇಕಾಗುವುದಿಲ್ಲ.

ಕಟ್ಟಿನಂಗಡಿ:
ನಮ್ಮದು ಎರಡು ತಲೆಮಾರಿನಿಂದ ಪಟಗಳಿಗೆ ಕಟ್ಟು ಹಾಕುವ ಕೆಲಸ. ಹಳೆಯ ಕಟ್ಟು, ಹಳೆಯ ಗಾಜು, ಹಿಂದಿನ ಹಳೆಯ ಹಲಗೆ ಮೂರನ್ನೂ ತಂದು, ಒಳಗೆ ಹೊಸ ಪ್ರತಿಯನ್ನು ಕೂರಿಸಿ ಕೊಡಿರೆಂದು ಕೇಳುವವರು ಬರುತ್ತಲೇ ಇರುತ್ತಾರೆ. ಅವರಲ್ಲಿ ತಮ್ಮ ಮನೆಗೆಂದು ಮಾಡಿಸುವವರು ಎಷ್ಟು ಮಂದಿ, ಮಾರಲೆಂದು ಮಾಡಿಸುವವರು ಎಷ್ಟು ಮಂದಿ ಎಂದು ನಾವು ಕೇಳುವುದಿಲ್ಲ, ಕೇಳಬೇಕಿತ್ತೇನೋ. ಆದ್ದರಿಂದ ಕಟ್ಟಿನ ವಯಸ್ಸನ್ನು ಪಟದ ವಯಸ್ಸೆಂದು ತಿಳಿಯಬೇಡಿ.

ಸಾಧ್ಯವಾದರೆ ಹಿಂಬದಿಯನ್ನು ಬಿಚ್ಚಿಸಿ ನೋಡಿ. ಕಾಗದ ನಿಜವಾಗಿ ಹಳೆಯದಾಗಿದ್ದರೆ ಹಿಂದಿನ ಹಲಗೆಗಳ ಸಂದು, ಮರದ ಗಂಟುಗಳ ಗುರುತು ಅದರ ಬೆನ್ನಿನ ಮೇಲೆ ಕಂದು ಗೆರೆಗಳಾಗಿ ಮೂಡಿರುತ್ತದೆ, ಕಟ್ಟಿನ ಅಂಚು ಮುಚ್ಚಿದ್ದ ಜಾಗ ಉಳಿದದ್ದಕ್ಕಿಂತ ಬೇರೆ ಬಣ್ಣದಲ್ಲಿರುತ್ತದೆ. ಟೀ ಡಿಕಾಕ್ಷನ್ ಬಳಿದು ಹಳೆಯದಾಗಿಸಿದ ಕಾಗದ ಎಲ್ಲ ಕಡೆ ಒಂದೇ ಸಮನೆ ಕಂದಾಗಿರುತ್ತದೆ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಕೂಡ ಉಪಯೋಗಕ್ಕೆ ಬರುತ್ತದೆ: ಕಾಗದವನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಸುಮಾರು 1950ರ ನಂತರ, ಆದ್ದರಿಂದ ಕತ್ತಲಲ್ಲಿ ಬೆಳಕು ಬಿಟ್ಟಾಗ ಕಾಗದ ನೀಲಿಬಿಳುಪಾಗಿ ಹೊಳೆದರೆ ಅದು ನೂರು ವರ್ಷದ್ದಲ್ಲ. ಹೊಳೆಯದಿದ್ದರೆ ಹಳೆಯದೇ ಎಂದೂ ಹೇಳಲಾಗದು, ಏಕೆಂದರೆ ಇಂದಿಗೂ ಆ ರಾಸಾಯನಿಕವಿಲ್ಲದ ಕಾಗದ ಸಿಗುತ್ತದೆ. ಸೀರೆಗೆ ಜರಿ, ಮಿಣುಕು ಹೊಲಿದ ಪಟವಾದರೆ ಅದನ್ನೂ ನೋಡಿ. ಬೆಳ್ಳಿಯ ಹಳೆಯ ಜರಿ ಕಪ್ಪಿಟ್ಟಿರುತ್ತದೆ, ಪ್ಲಾಸ್ಟಿಕ್ಕಿನದು ಥಳಥಳಿಸುತ್ತಲೇ ಇರುತ್ತದೆ.

ಕರಿಕೋಟು:
ಆ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ಮಾರುವವರೇ ಬರೆದುಕೊಟ್ಟ ಪ್ರಮಾಣಪತ್ರ ಹೆಚ್ಚೆಂದರೆ ಅವರ ಅಭಿಪ್ರಾಯ. ಬ್ರಿಟನ್ನಿನಲ್ಲಿ ಜಾನ್ ಡ್ರೂ ಎಂಬಾತ, ಜಾನ್ ಮ್ಯಾಟ್ ಎಂಬ ಚಿತ್ರಕಾರ ಬರೆದ ನಕಲಿಗಳನ್ನು ಮಾರಲು, ಟೇಟ್ ಮೊದಲಾದ ಹೆಸರಾಂತ ಕಲಾಸಂಸ್ಥೆಗಳ ದಾಖಲೆಗಳ ನಡುವೆಯೇ ಸುಳ್ಳು ಕಾಗದಪತ್ರಗಳನ್ನು ಸೇರಿಸಿಬಿಟ್ಟಿದ್ದ. 1999ರಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. ನಮ್ಮಲ್ಲೇ 2009ರಲ್ಲಿ ಎಸ್. ಎಚ್. ರಜಾ ಅವರು ದೆಹಲಿಯಲ್ಲಿ ತಮ್ಮ ಚಿತ್ರಗಳ ಪ್ರದರ್ಶನಕ್ಕೆ ಹೋದಾಗ ಗೋಡೆಯ ಮೇಲಿದ್ದ ಬಹುಪಾಲು ಚಿತ್ರಗಳು ತಾವು ಬರೆದವೇ ಅಲ್ಲವೆಂದು ಕಂಡುಕೊಂಡರು. ಚೆಟ್ಟಿನಾಡಿನ ಮನೆಯ ಕಥೆಯನ್ನು ಯಾರು ಬೇಕಾದರೂ ಹೇಳಬಹುದು.

ನಿಮಗೆ ಬೇಕಾದದ್ದು ಬಿಲ್ಲು. ಅದರಲ್ಲಿ ‘ರವಿವರ್ಮ ಪಟ, ಒಂದು’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಇದು ಇಂಥ ಕಾಲದ ಕಲ್ಲಚ್ಚಿನ ಓಲಿಯೋಗ್ರಾಫ್, ನಂತರದ ಮರುಮುದ್ರಣವಲ್ಲ, ಹಾಗಲ್ಲವೆಂದು ತಿಳಿದರೆ ಹಣ ಹಿಂದಿರುಗಿಸುತ್ತೇವೆ ಎಂಬಷ್ಟನ್ನಾದರೂ ಬರೆಸಿ, ಹಣವನ್ನು ಬ್ಯಾಂಕಿನ ಮೂಲಕ ಕೊಡಿ. ಆಗ ವಿವರಣೆಗೆ ಹೊಂದದ ವಸ್ತುವನ್ನು ಮಾರಿದ್ದಾರೆಂದು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು; 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವೂ ಇಲ್ಲ. ಹೀಗೆ ಬರೆದುಕೊಡಲು ಹಿಂಜರಿದರೆ, ಭೂತಗನ್ನಡಿ ಇಲ್ಲದೆಯೇ ನಿಮಗೆ ಉತ್ತರ ಸಿಕ್ಕಂತೆ.

ಜಗುಲಿಕಟ್ಟೆ:
ಮೂವರಿಗೂ ಕೃತಜ್ಞತೆಗಳು. ಶನಿವಾರ ಹೋಗಿದ್ದೆ. ಕಟ್ಟು ಬಿಚ್ಚಿದರೆ ಹಾಳಾಗುತ್ತದೆಂದು ಅವರು ಒಪ್ಪಲಿಲ್ಲ. ಗಾಜಿನ ಮೇಲಿಂದ ಭೂತಗನ್ನಡಿ ಹಿಡಿದು ನೋಡಿದಾಗ ಲಕ್ಷ್ಮಿಯ ಕೆನ್ನೆಯ ತುಂಬ ನೀಲಿ, ಹಳದಿ ಚುಕ್ಕೆಗಳು ಅಚ್ಚುಕಟ್ಟಾಗಿ ಸಾಲುಗಟ್ಟಿ ನಿಂತಿದ್ದವು. ಬಿಲ್ಲಿನ ಮಾತೆತ್ತಿದ ಕೂಡಲೇ ಬೆಲೆ 45,000ದಿಂದ 12,000ಕ್ಕೆ ಇಳಿಯಿತು, ಆದರೆ ಬರೆದುಕೊಡಲು ಮಾತ್ರ ಸಿದ್ಧರಿರಲಿಲ್ಲ. ಪಟ ಬೇಡವೆಂದು ಬಂದೆ. ಆದರೂ ಆ ಸಾಗುವಾನಿ ಕಟ್ಟು ಬಹಳ ಚೆನ್ನಾಗಿದೆ. ಅದನ್ನಷ್ಟೇ ಕೇಳಿ ನೋಡಬಹುದೇ?

ಕಟ್ಟಿನಂಗಡಿ:
ಕೇಳಿ, ಆದರೆ ಮೊದಲು ನಾಲ್ಕು ಮೂಲೆಗಳನ್ನು ನೋಡಿ. ಕೂಡಿಸಿದ ಜಾಗದಲ್ಲಿ ಮರ ಹೊಸದಾಗಿ ಕತ್ತರಿಸಿದಂತೆ ತಿಳಿಬಣ್ಣದಲ್ಲಿದ್ದರೆ ಅದು ದೊಡ್ಡ ಕಟ್ಟನ್ನು ಈ ಪ್ರತಿಯ ಅಳತೆಗೆ ಕುಗ್ಗಿಸಿದ್ದು, ಬೆಲೆಯನ್ನೂ ಅದಕ್ಕೆ ತಕ್ಕಂತೆ ಕುಗ್ಗಿಸಿಯೇ ಕೇಳಿ.