ತುರ್ತು: ಉಪ್ಪುನೀರಿನ ತೊಟ್ಟಿಗೆ ‘ಪಾಚಿ ನೀರು’, ‘ಬಗ್ಗಡ ನೀರು’ ಸರಿಯೇ?

ಮೀನಂಗಡಿಯೊಂದರ ಫಲಕ ನಾಳೆ ಪ್ರಿಂಟಿಗೆ ಹೋಗಬೇಕು. ಉಪ್ಪುನೀರಿನ ಅಕ್ವೇರಿಯಂ ಕೆಡುವುದು ಎರಡು ಬಗೆ: ತೇಲುವ ಸೂಕ್ಷ್ಮ ಪಾಚಿಯಿಂದ ಹಸಿರು, ಬ್ಯಾಕ್ಟೀರಿಯಾದಿಂದ ಹಾಲುಬಿಳುಪು. ಒಂದಕ್ಕೆ ‘ಪಾಚಿ ನೀರು’, ಇನ್ನೊಂದಕ್ಕೆ ‘ಬಗ್ಗಡ ನೀರು’ ಎಂದರೆ ಸಾಕೇ?
(ಜಯನಗರ)

‘ಶೈವಲಜಲ’ ಎನ್ನಿ. ಶಾಸ್ತ್ರೀಯವಾಗಿದೆ.
(ಬಸವನಗುಡಿ)

ಶೈವಲ ಬೇಡ. ಬಗ್ಗಡವೂ ತಪ್ಪು. ಬಗ್ಗಡ ಹಾಗೇ ಬಿಟ್ಟರೆ ತಿಳಿಯಾಗುತ್ತದೆ, ಇವೆರಡೂ ಆಗುವುದಿಲ್ಲ. ಗುರುತಿಸುವುದೂ ಹಾಗೆಯೇ: ಗಾಜಿನ ಲೋಟದಲ್ಲಿ ತೊಟ್ಟಿಯ ನೀರು ತುಂಬಿ ರಾತ್ರಿಯಿಡೀ ಅಲ್ಲಾಡಿಸದೆ ಇಟ್ಟು, ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ತಳದಲ್ಲಿ ಪುಡಿ ಕೂತರೆ ಹೊಸ ಮರಳಿನ ಧೂಳು, ಇಲ್ಲವೇ ಬಫರ್ (ನೀರಿನ ಕ್ಷಾರತೆ ಕಾಯಲು ಹಾಕುವ ಪುಡಿ) ಅತಿಯಾಗಿ ಬೇರ್ಪಟ್ಟ ಸುಣ್ಣ. ಬಗ್ಗಡ ಅಂದರೆ ಅದು. ಕೂರದೆ ಹಸಿರಾಗಿಯೇ ನಿಂತರೆ ಪಾಚಿ, ಬೆಳ್ಳಗೆ ನಿಂತರೆ ಬ್ಯಾಕ್ಟೀರಿಯಾ. ಲೋಟದ ನೀರು ಮೊದಲೇ ತಿಳಿಯಾಗಿದ್ದರೆ ತೊಟ್ಟಿಯ ಗಾಜು ಕೆರೆದರೆ ಸಾಕು. ‘ಹಸಿರು ನೀರು’, ‘ಬಿಳಿ ಮಬ್ಬು’ ಎಂದು ಹಾಕಿ.
(ರಾಜಾಜಿನಗರ)

ಪಾಚಿ ಅನ್ನಲೇಬೇಕಿದ್ದರೆ ‘ಹಾವಸೆ’ ಇದೆಯಲ್ಲ? ಹಳಗನ್ನಡದ ಪಾವಸೆ, ಪಕಾರ ಹಕಾರವಾಯಿತು. ಪಾಚಿಯಲ್ಲಿ ಪಕಾರ ಉಳಿದಿದೆಯೆಂದರೆ ಅದು ತಮಿಳಿನದು.
(ಮಲ್ಲೇಶ್ವರ)

ಹಾಗಾದರೆ ಪಚ್ಚೆ, ಪಡುವಣ ಕೂಡ ಹೊಸೂರು ದಾಟಿ ಬಂದವೇ? ಹಾವಸೆ ಅಂದರೆ ಕಾಲು ಜಾರಿಸುವ ಪದರ. ಇಲ್ಲಿ ತೇಲುತ್ತಿರುವುದು ಬಿಡಿ ಜೀವಕೋಶ, ಫಿಲ್ಟರಿನ ಹತ್ತಿಯಲ್ಲೂ ನಿಲ್ಲುವುದಿಲ್ಲ. ಈ ಚರ್ಚೆ ಸಾಕು, ಫಲಕದಲ್ಲಿ ಮದ್ದು ಸರಿಯಾಗಿ ಬರಲಿ.

ಹಸಿರಿಗೆ: ದೀಪ ಆರಿಸಿ 3 ದಿನ ತೊಟ್ಟಿಗೆ ದಪ್ಪ ಬಟ್ಟೆ ಹೊದಿಸಿ. ಸ್ಕಿಮ್ಮರ್ (ನೊರೆಯ ಜೊತೆ ಕೊಳೆ ತೆಗೆಯುವ ಯಂತ್ರ), ವೇವ್‌ಮೇಕರ್ (ನೀರು ಕದಡುವ ಪಂಪು) ನಿಲ್ಲಿಸಬೇಡಿ. ಸಾಯುವ ಪಾಚಿ ಕೊಳೆಯುವಾಗ ಆಮ್ಲಜನಕ ಎಳೆಯುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಆಮೇಲೆ ಶೇ. 20 ನೀರು ಬದಲಿಸಲೇಬೇಕು, ಇಲ್ಲವಾದರೆ ಕೊಳೆತದ್ದೇ ಗೊಬ್ಬರವಾಗಿ ವಾರದಲ್ಲಿ ಮತ್ತೆ ಹಸಿರು. ಯುವಿ (ಹಾಯುವ ನೀರಿನ ಪಾಚಿ ಕೊಲ್ಲುವ ಅತಿನೇರಳೆ ದೀಪ) ಇದ್ದರೆ ಹರಿವು ನಿಧಾನವಿರಲಿ, ವೇಗವಾದರೆ ಪಾಚಿ ಸಾಯದೆ ದಾಟಿಹೋಗುತ್ತದೆ.

ಮೂಲ ಕಾರಣ ಬೆಳಕು ಮತ್ತು ನೈಟ್ರೇಟ್, ಫಾಸ್ಫೇಟ್. ಕಿಟಕಿಯ ನೇರ ಬಿಸಿಲು ತಪ್ಪಿಸಿ. ಬೋರ್‌ವೆಲ್ ನೀರಿಗೆ ನೇರವಾಗಿ ಉಪ್ಪು ಕಲಸಬೇಡಿ, ಅದರಲ್ಲೇ ನೈಟ್ರೇಟ್ ಇರಬಹುದು. ಆರ್‌ಓ-ಡಿಐ ನೀರು (ಲವಣವೆಲ್ಲ ಸೋಸಿ ತೆಗೆದದ್ದು) ಬಳಸಿ, ಅದರ ಟಿಡಿಎಸ್ (ಕರಗಿದ ವಸ್ತುಗಳ ಅಳತೆ) 0 ಇರಲಿ, ಉಪ್ಪು ಕಲಸಿದ ಮೇಲೆ ಸಾಪೇಕ್ಷ ಸಾಂದ್ರತೆ 1.025.

ಬಿಳಿ ಮಬ್ಬಿಗೆ: ಊಟ ಕಡಿಮೆ ಮಾಡಿ, ನೈಟ್ರೇಟ್ ಇಳಿಸಲೆಂದು ನೀರಿಗೆ ವೋಡ್ಕಾ, ಸಕ್ಕರೆ (ಬ್ಯಾಕ್ಟೀರಿಯಾಕ್ಕೆ ಆಹಾರ) ಹಾಕುತ್ತಿದ್ದರೆ ನಿಲ್ಲಿಸಿ, ಗಾಳಿ ಹೆಚ್ಚಿಸಿ, ಅಮೋನಿಯಾ ಅಳೆಯಿರಿ.
(ರಾಜಾಜಿನಗರ)

‘ಸ್ಕಿಮ್ಮರ್’ ಯಾಕೆ? ‘ನೊರೆಗಳೆಕ’ ಎನ್ನಬಹುದಿತ್ತು.
(ಮಲ್ಲೇಶ್ವರ)

ರಸೆಲ್ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ ನೊರೆಗಳೆಕ ಕೇಳಿ ನೋಡಿ, ಸರ್. ಪೊರಕೆ ಕೊಟ್ಟು ಕಳಿಸುತ್ತಾರೆ.
(ಜಯನಗರ)

ಕೇಳದೆ ಇದ್ದರೆ ಪದ ಬಳಕೆಗೆ ಬರುವುದು ಹೇಗೆ? ನೀವೇ ‘ಅಕ್ವೇರಿಯಂ’ ಅಂತ ಶುರು ಮಾಡಿದಿರಿ. ಮೀನುತೊಟ್ಟಿ ಅನ್ನಲು ಏನು ಕಷ್ಟ?
(ಮಲ್ಲೇಶ್ವರ)