ಗಿಟಾರಿನ ‘ಬಾಸ್’ಗೆ ‘ನಡೆ’ ಅನ್ನಬಹುದೇ?

ಗೆಳೆಯರೇ,

ಅಕೂಸ್ಟಿಕ್ (ಕರೆಂಟು ಬೇಡದ) ಗಿಟಾರಿನಲ್ಲಿ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಬಗೆ, ಮತ್ತು ಜನಪದ ನುಡಿಸಿದ ಹಳೆಯ ವಾದಕರ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಗಿಟಾರ್ ಮುಟ್ಟದವರೂ ಓದಬೇಕು, ಓದಿ ಇವರನ್ನು ಕೇಳಬೇಕು ಅನ್ನೋದು ನನ್ನಾಸೆ. ಕೆಲವು ಪದಗಳ ಹತ್ತಿರ ಬರಹ ನಿಂತುಬಿಟ್ಟಿದೆ. ನಿಮ್ಮ ಸಹಾಯ ಬೇಕು.

ಮಿಸಿಸಿಪ್ಪಿ ಜಾನ್ ಹರ್ಟ್ ಅವರಿಂದ ಶುರು ಮಾಡುತ್ತೇನೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಅವಲಾನ್ ಅನ್ನೋ ಸಣ್ಣ ಊರಿನವರು. 1928ರಲ್ಲಿ ಒಕೇ ಅನ್ನೋ ರೆಕಾರ್ಡ್ ಕಂಪನಿಗೆ ಹಾಡಿದರು. ರೆಕಾರ್ಡುಗಳು ಅಷ್ಟಾಗಿ ಓಡಲಿಲ್ಲ. ಊರಿಗೆ ಹೋಗಿ ಹೊಲದ ಕೆಲಸ ನೋಡಿಕೊಂಡರು. 1963ರಲ್ಲಿ, ಅವರ ಹಾಡೊಂದರಲ್ಲಿ ಬರುವ ಊರಿನ ಹೆಸರನ್ನೇ ಜಾಡು ಹಿಡಿದು ಹೋದವರಿಗೆ ಅವರು ಅಲ್ಲೇ ಸಿಕ್ಕರು! ಅದೇ ವರ್ಷ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಹಾಡಿದರು. ಮೂರೇ ವರ್ಷಕ್ಕೆ, 1966ರಲ್ಲಿ, ತೀರಿಕೊಂಡರು.

ಅವರ ಬಲಗೈಯ ವಿಡಿಯೊ ಸಿಕ್ಕರೆ ದಯವಿಟ್ಟು ನೋಡಿ. ಉಂಗುರ ಬೆರಳು, ಕಿರುಬೆರಳು ಗಿಟಾರಿನ ಹಲಗೆಯ ಮೇಲೆ ಊರಿಕೊಂಡಿರುತ್ತವೆ. ಹೆಬ್ಬೆರಳು ಒಂದು ದಪ್ಪ ತಂತಿಯನ್ನು ಮೀಟಿ, ಇನ್ನೊಂದಕ್ಕೆ ದಾಟಿ, ಮತ್ತೆ ಮೊದಲಿನದಕ್ಕೆ ಬರುತ್ತದೆ. ಹಾಡು ಮುಗಿಯುವವರೆಗೂ ಇದು ನಿಲ್ಲೋದಿಲ್ಲ, ಅವಸರವೂ ಮಾಡೋದಿಲ್ಲ. ತೋರುಬೆರಳು, ನಡುಬೆರಳು ಸಣ್ಣ ತಂತಿಗಳ ಮೇಲೆ ಹಾಡಿನ ಧಾಟಿ ಎತ್ತುತ್ತವೆ. ಕೆಲವು ಸ್ವರ ಹೆಬ್ಬೆರಳಿನ ಪೆಟ್ಟಿನ ಜೊತೆಗೇ ಬೀಳುತ್ತವೆ, ಕೆಲವು ಎರಡು ಪೆಟ್ಟುಗಳ ಸಂದಿಯಲ್ಲಿ. ಈ ಸಂದಿಯಲ್ಲಿ ಬೀಳೋ ಸ್ವರಗಳಲ್ಲೇ ಹರ್ಟ್ ಅವರ ಚಂದವೆಲ್ಲ ಇದೆ ಅಂತ ನನಗನ್ನಿಸುತ್ತದೆ.

ಹೆಬ್ಬೆರಳಿನ ಈ ಕೆಲಸಕ್ಕೆ ಗಿಟಾರಿನವರು ‘ಆಲ್ಟರ್ನೇಟಿಂಗ್ ಬಾಸ್’ ಅಂತಾರೆ; ‘ಬಾಸ್’ ಅಂದರೆ ದಪ್ಪ ತಂತಿಗಳ ತಗ್ಗಿನ ಸ್ವರ, ಅದು ಅದಲುಬದಲಾಗಿ ಬರುತ್ತದೆ. ‘ಪರ್ಯಾಯ ಮಂದ್ರ’ ಅಂತ ಬರೆದು ನೋಡಿದೆ. ಬಾಯಿಗೂ ಹಿತವಿಲ್ಲ, ಕೈಯೂ ಕಣ್ಣಿಗೆ ಬರೋದಿಲ್ಲ. ಆಮೇಲೆ ‘ಹೆಬ್ಬೆರಳ ನಡೆ’ ಅಂತ ಹೊಳೆಯಿತು. ಓದಿದರೆ ತಕ್ಷಣ ತಿಳಿಯುತ್ತೆ, ಅಲ್ವಾ?

ಆದರೆ ಎಲಿಜಬೆತ್ ಕಾಟನ್ ಹತ್ತಿರ ಬಂದಾಗ ಅದು ನಿಲ್ಲಲಿಲ್ಲ. ಉತ್ತರ ಕ್ಯಾರೊಲಿನಾದ ಈ ಅಜ್ಜಿ ಎಡಗೈಯವರು. ಬಲಗೈಯವರ ಗಿಟಾರನ್ನೇ, ತಂತಿ ಬದಲಿಸದೆ, ತಿರುಗಿಸಿ ಹಿಡಿದು ಕಲಿತರು. ಹಾಗೆ ಹಿಡಿದರೆ ದಪ್ಪ ತಂತಿ ಕೆಳಗೆ, ಸಣ್ಣ ತಂತಿ ಮೇಲೆ. ಹಾಗಾಗಿ ಅವರ ಬೆರಳುಗಳು ಬಾಸ್ ನೋಡಿಕೊಳ್ಳುತ್ತವೆ, ಹೆಬ್ಬೆರಳು ಧಾಟಿ ನುಡಿಸುತ್ತದೆ. ಎಲ್ಲರದೂ ಒಂದು ಬಗೆ, ಅವರದು ಪೂರ್ತಿ ತಿರುವುಮುರುವು. ತುಂಬಾ ವರ್ಷ ಗಿಟಾರ್ ಬಿಟ್ಟಿದ್ದು, ಮನೆಗೆಲಸಕ್ಕಿದ್ದ ಸೀಗರ್ ಅನ್ನೋ ಸಂಗೀತಗಾರರ ಕುಟುಂಬದಲ್ಲಿ ಮತ್ತೆ ಕೈಗೆತ್ತಿಕೊಂಡರು. 1985ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ, ಅಮೆರಿಕದ ಸಂಗೀತ ಪ್ರಶಸ್ತಿ ಗ್ರಾಮಿ ಬಂತು. ಇಂಥವರನ್ನು ಹೊರಗಿಡುವ ಪದ ನನಗೆ ಬೇಡ. ಹಾಗಾದರೆ ‘ಮಂದ್ರದ ನಡೆ’ ಅನ್ನೋಣವೇ?

ಇಲ್ಲೊಂದು ತೊಡಕಿದೆ. ನಮ್ಮ ಸಂಗೀತದಲ್ಲಿ ‘ನಡೆ’ಗೆ ಆಗಲೇ ಗಟ್ಟಿಯಾದ ಅರ್ಥವಿದೆ: ತಿಶ್ರ ನಡೆ, ಖಂಡ ನಡೆ. ಅದು ತಾಳದ ಒಂದೊಂದು ಏಟನ್ನು ಎಷ್ಟು ಭಾಗ ಮಾಡುತ್ತೇವೆ ಅನ್ನೋ ಲೆಕ್ಕ. ಸಂಗೀತ ಬಲ್ಲವರು ‘ಮಂದ್ರದ ನಡೆ’ ಓದಿ ಆ ಲೆಕ್ಕಕ್ಕೆ ಹೋಗಿಬಿಡುತ್ತಾರಾ? ಲಯ ಕಲಿತವರು ಹೇಳಬೇಕು.

ಇನ್ನು ಕ್ರಿಯಾಪದಗಳು. ಗಿಟಾರ್ ‘ನುಡಿಸು’ ಸರಿ, ‘ಬಾರಿಸು’ ಚರ್ಮವಾದ್ಯಕ್ಕೆ ಮಾತ್ರ ಅಂತ ಹಲವರು ತಿದ್ದುತ್ತಾರೆ. ನಾನು ಒಪ್ಪೋದಿಲ್ಲ. ಮೈಯನ್ನೇ ದಂಡಿಗೆ, ನರವನ್ನೇ ತಂತಿ ಮಾಡು ಎಂದು ಕೇಳುವ ಬಸವಣ್ಣನವರ ವಚನ ಮುಗಿಯೋದು ‘ಉರದಲೊತ್ತಿ ಬಾರಿಸು’ ಅಂತಲೇ. ಅದು ತಂತಿವಾದ್ಯ, ಅದೂ ಎದೆಗೊತ್ತಿಕೊಂಡು! ಅದೇ ವಚನದಲ್ಲಿ ಬೆರಳು ‘ಕಡ್ಡಿ’ ಆಗುತ್ತದೆ. ಗಿಟಾರಿನ ತಂತಿ ಮೀಟುವ ಪುಟ್ಟ ಬಿಲ್ಲೆ ‘ಪಿಕ್’ಗೆ ‘ಕಡ್ಡಿ’ ಅಂದರೆ ಸಾಕಲ್ಲ, ಹೊಸದನ್ನು ಯಾಕೆ ಹುಡುಕಬೇಕು? ಒಂದೊಂದೇ ತಂತಿಗೆ ‘ಮೀಟು’, ಎಲ್ಲ ತಂತಿಗೂ ಒಟ್ಟಿಗೆ ಕೈ ಬೀಸಿದರೆ ‘ಬಾರಿಸು’ ಅಂತ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ.

‘ನುಡಿಸು’ವನ್ನು ಸ್ಲೈಡ್ ವಾದಕರಿಗೆ, ಅಂದರೆ ತಂತಿಯ ಮೇಲೆ ಏನನ್ನಾದರೂ ಜಾರಿಸಿ ಸ್ವರ ಹೊರಡಿಸುವವರಿಗೆ, ಕಾದಿರಿಸಿದ್ದೇನೆ. ಕಾರಣ ಇದೆ. 1959ರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮಿಸಿಸಿಪ್ಪಿಯ ಕೊಮೊದಲ್ಲಿ ಫ್ರೆಡ್ ಮೆಕ್‌ಡೊವೆಲ್ ಎಂಬ ರೈತರನ್ನು ರೆಕಾರ್ಡ್ ಮಾಡಿದರು. ಮೆಕ್‌ಡೊವೆಲ್ ಒಂದು ಕಾಲಕ್ಕೆ ದನದ ಪಕ್ಕೆಲುಬಿನ ಚೂರನ್ನು, ಆಮೇಲೆ ಗಾಜಿನ ಕೊಳವೆಯನ್ನು ಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸುತ್ತಿದ್ದರು. ಹಾಡುತ್ತಾ ಹಾಡುತ್ತಾ ಸಾಲಿನ ಕೊನೆ ಮಾತನ್ನು ಬಾಯಿ ಬಿಟ್ಟುಬಿಡುತ್ತದೆ. ಅದನ್ನು ಗಿಟಾರ್ ಹೇಳಿ ಮುಗಿಸುತ್ತದೆ. ಬ್ಲೈಂಡ್ ವಿಲ್ಲಿ ಜಾನ್ಸನ್ ಅವರದೂ ಇದೇ ರೀತಿ. 1927ರಲ್ಲಿ ಡಲ್ಲಾಸ್‌ನಲ್ಲಿ ಅವರು ರೆಕಾರ್ಡ್ ಮಾಡಿದ ಒಂದರಲ್ಲಂತೂ ಮಾತೇ ಇಲ್ಲ. ಬರೀ ಗುನುಗು, ಜೊತೆಗೆ ಜಾರುವ ತಂತಿ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಕಳಿಸಿದ, ಭೂಮಿಯ ದನಿಗಳ ಚಿನ್ನದ ತಟ್ಟೆಯಲ್ಲಿ ಅದೂ ಹೋಯಿತು. ಅದೇ ತಟ್ಟೆಯಲ್ಲಿ ಕನ್ನಡದ ನಮಸ್ಕಾರವೂ ಇದೆ ಅಂತ ನೆನೆದರೆ ನನಗೆ ತುಂಬಾ ಖುಷಿ. ಇವರು ಮಾಡೋದು ತಂತಿಗೆ ನುಡಿ ಕೊಡೋ ಕೆಲಸ. ‘ನುಡಿಸು’ ಅನ್ನೋದು ಇಲ್ಲಿ ಅಕ್ಷರಶಃ ನಿಜ.

‘ಸ್ಲೈಡ್’ಗೆ ‘ಜಾರು’ ಇದ್ದೇ ಇದೆ. ಏರುಜಾರು, ಇಳಿಜಾರು ಗಮಕಗಳನ್ನು ಎಲ್ಲ ಸಂಗೀತದ ಮೇಷ್ಟ್ರೂ ಹೇಳಿಕೊಡುತ್ತಾರೆ. ಬೆರಳಿಗೆ ಹಾಕುವ ಕೊಳವೆಗೆ ಮಾತ್ರ ಹೆಸರು ಬೇಕು. ಗೋಟುವಾದ್ಯದವರು ತಂತಿಯ ಮೇಲೆ ಜಾರಿಸುವ ಮರದ ತುಂಡಿಗೆ ಬಳಸುವ ‘ಗೋಟು’ ಇದಕ್ಕೂ ಒಗ್ಗುತ್ತಾ?

ಇನ್ನೆರಡು ಪ್ರಶ್ನೆ. ವೀಣೆಯಲ್ಲಿ ನಾಲ್ಕು ತಂತಿಯ ಮೇಲೆ ರಾಗ ನುಡಿಸುತ್ತಲೇ, ಪಕ್ಕದ ಮೂರು ತಾಳದ ತಂತಿಗಳನ್ನು ಕಿರುಬೆರಳಲ್ಲಿ ಮೀಟುತ್ತಾರೆ. ಹರ್ಟ್ ಅವರ ಹೆಬ್ಬೆರಳಿಗೆ ನಮ್ಮಲ್ಲಿ ತೀರಾ ಹತ್ತಿರದ್ದು ಇದೇ. ಇಲ್ಲಿ ತಾಳದ ತಂತಿ ಮೇಲಿನ ಸ್ಥಾಯಿಯದು, ಅಲ್ಲಿ ಮಂದ್ರದ್ದು, ಅಷ್ಟೇ ವ್ಯತ್ಯಾಸ. ಪಾಠದಲ್ಲಿ ಈ ಕಿರುಬೆರಳಿನ ಮೀಟಿಗೆ ಏನಂತೀರಿ? ಪುಸ್ತಕದ ಪದ ಬೇಡ, ಮೇಷ್ಟ್ರು ‘ಅದನ್ನ ಬಿಡಬೇಡ’ ಅಂತ ಗದರುವಾಗ ಬಾಯಲ್ಲಿ ಬರೋ ಪದ ಬೇಕು.

ಚಾಮರಾಜನಗರ, ಮಂಡ್ಯ ಕಡೆಯವರಿಗೆ ಇನ್ನೊಂದು. ನೀಲಗಾರರು ಮಂಟೇಸ್ವಾಮಿ ಕತೆ ಹಾಡುವಾಗ ಹಿಡಿಯುವ ತಂಬೂರಿಗೆ ಅವರೇ ಯಾವ ಮಾತು ಬಳಸುತ್ತಾರೆ: ಮೀಟೋದಾ, ಬಾರಿಸೋದಾ, ನುಡಿಸೋದಾ? ಕೇಳಿದ್ದು ಕೇಳಿದ ಹಾಗೇ ಬರೆಯಿರಿ, ಊರಿನ ಹೆಸರೂ ಇರಲಿ.